ಉಯಿಲಿನಲ್ಲಿ ಹೆಸರಿಲ್ಲದ ಮಗ: ವರ್ಜೀನಿಯಾದ ಹಳೆಯ ಚರ್ಚ್ ಪುಸ್ತಕ ಮತ್ತು ಪ್ರೊಬೇಟ್ (ಉಯಿಲು ಸಾಬೀತಿನ) ಕಡತ ಬಲ್ಲವರು ದಾರಿ ತೋರಿಸುವಿರಾ?

ಮೈಸೂರಿನ ಮಾವ

ನಾನು ಉಪನೋಂದಣಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಸದ್ಯ ವರ್ಜೀನಿಯಾದ ರಿಚ್ಮಂಡ್ ಬಳಿ ಮಗಳ ಮನೆಯಲ್ಲಿದ್ದೇನೆ. ಅಳಿಯ ಇಲ್ಲಿಯವನೇ. ಅವನ ಸೋದರತ್ತೆಯವರ ಬಳಿ ಒಂದು ಹಳೆಯ ಬೈಬಲ್ ಇದೆ. ಅದರ ನಡುವಿನ ಖಾಲಿ ಹಾಳೆಯಲ್ಲಿ ವಂಶದ ಹೆಸರುಗಳನ್ನು ಬರೆದಿದ್ದಾರೆ. ಮೊದಲ ಸಾಲು ಹೀಗಿದೆ: ಥಾಮಸ್, ಜನನ 1728, ನ್ಯೂ ಕೆಂಟ್‌ನ ವಿಲಿಯಂ ಎಂಬವರ ಮಗ, ಹೆಂಡತಿ ಉರ್ಸುಲಾ. ಮನೆತನದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ.

ಈ ಒಂದು ಸಾಲು ನಿಜವೇ ಎಂದು ಪರೀಕ್ಷಿಸಲು ಹೊರಟು ಎರಡು ತಿಂಗಳಾಯಿತು. ನ್ಯೂ ಕೆಂಟ್ ಕೌಂಟಿಯ (ಕೌಂಟಿ ಎಂದರೆ ಇಲ್ಲಿಯ ಜಿಲ್ಲೆ) ಸೇಂಟ್ ಪೀಟರ್ಸ್ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದ, ಜನನ ರಿಜಿಸ್ಟರ್‌ನಲ್ಲಿ ಇಬ್ಬರು ಥಾಮಸರು ಸಿಕ್ಕಿದರು. ಒಬ್ಬ ವಿಲಿಯಂನ ಮಗ, 1727ರ ಫೆಬ್ರವರಿ. ಇನ್ನೊಬ್ಬ ಜಾನ್ ಎಂಬವನ ಮಗ, 1728ರ ಮೇ. ವಿಲಿಯಂ ಮುಂದೆ ಹ್ಯಾನೋವರ್ ಕೌಂಟಿಗೂ ಅಲ್ಲಿಂದ ಲೂಯಿಸಾ ಕೌಂಟಿಗೂ ಹೋಗಿ 1751ರಲ್ಲಿ ತೀರಿಕೊಂಡಿದ್ದಾನೆ. ಲೂಯಿಸಾದಲ್ಲಿ ಅವನ ಉಯಿಲು ಸಿಕ್ಕಿದೆ, ಬರೆದದ್ದು 1748ರಲ್ಲಿ. ಅದರಲ್ಲಿ ಹೆಂಡತಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. ಥಾಮಸ್ ಎಂಬ ಮಗ ಮಾತ್ರ ಇಲ್ಲ. "ನನ್ನ ಕಸಿನ್ ಥಾಮಸನಿಗೆ ನನ್ನ ಬಂದೂಕು" ಎಂದು ಒಂದು ಸಾಲಿದೆ, ಅಷ್ಟೆ.

ಹಾಗಾದರೆ ನಮ್ಮ ಅಳಿಯನ ಪೂರ್ವಜ ಜಾನ್‌ನ ಮಗನೇ? ಸೋದರತ್ತೆಯವರಿಗೆ ಇದನ್ನು ಹೇಳಿದಾಗ ಅವರು ಕಾಫಿ ಲೋಟವನ್ನು ಕೆಳಗಿಟ್ಟು, "ಆಗಿನ ಗುಮಾಸ್ತ ತಪ್ಪು ಬರೆದಿರಬೇಕು" ಎಂದರು. ಎಲ್ಲ ಊರಿನಲ್ಲೂ ಗುಮಾಸ್ತನೇ ತಪ್ಪಿತಸ್ಥ!

ಕಡತಪ್ರಿಯ

ಮಾವನವರೆ, ಉಯಿಲಿನಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಮಗನಿಲ್ಲ ಎಂದಾಗುವುದಿಲ್ಲ. ಅಂದಿನ ವರ್ಜೀನಿಯಾದಲ್ಲಿ ಉಯಿಲಿಲ್ಲದೆ ಉಳಿದ ಜಮೀನು ಇಂಗ್ಲೆಂಡಿನ ಪದ್ಧತಿಯಂತೆ ಹಿರಿಯ ಮಗನೊಬ್ಬನಿಗೇ ಹೋಗುತ್ತಿತ್ತು. ಈ ಪದ್ಧತಿಯನ್ನು ತೆಗೆದುಹಾಕುವ ಕಾನೂನು ಬಂದದ್ದು 1785ರಲ್ಲಿ. ಆದ್ದರಿಂದ ಹಿರಿಯ ಮಗನಿಗೆ ಬರಬೇಕಾದದ್ದು ತಾನಾಗಿಯೇ ಬರುತ್ತದೆ ಎಂದು ತಿಳಿದ ತಂದೆ ಉಯಿಲಿನಲ್ಲಿ ಕಿರಿಯರಿಗೆ ಮಾತ್ರ ವ್ಯವಸ್ಥೆ ಮಾಡುವುದು ಸಾಮಾನ್ಯವಾಗಿತ್ತು. ಹಿರಿಯನ ಮದುವೆಯ ಹೊತ್ತಿಗೆ ದಾನಪತ್ರದ ಮೂಲಕ ಅವನ ಪಾಲನ್ನು ಕೊಟ್ಟು ಮುಗಿಸಿದ್ದರೂ ಉಯಿಲಿನಲ್ಲಿ ಮತ್ತೆ ಹೆಸರು ಬರಬೇಕಿಲ್ಲ.

ನಿಮ್ಮ ದುರದೃಷ್ಟವೆಂದರೆ ಆ ದಾನಪತ್ರ ಹ್ಯಾನೋವರ್‌ನಲ್ಲಿ ನೋಂದಣಿಯಾಗಿದ್ದರೆ ಅದು ಈಗ ಬೂದಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಭದ್ರವಾಗಿರಲೆಂದು ಹಲವು ಕೌಂಟಿಗಳು ತಮ್ಮ ಪುಸ್ತಕಗಳನ್ನು ರಿಚ್ಮಂಡ್‌ಗೆ ಸಾಗಿಸಿದವು. 1865ರ ಏಪ್ರಿಲ್ 3ರಂದು ರಿಚ್ಮಂಡ್ ಉರಿದಾಗ ಅವೂ ಉರಿದವು. ನ್ಯೂ ಕೆಂಟ್‌ನದು ಇನ್ನೂ ಘೋರ: 1787ರಲ್ಲಿಯೇ ಜಾನ್ ಪೋಸಿ ಎಂಬವನು ಅಲ್ಲಿನ ಸೆರೆಮನೆಗೂ ಗುಮಾಸ್ತರ ಕಚೇರಿಗೂ ಬೆಂಕಿಯಿಟ್ಟು, ಆ ಅಪರಾಧಕ್ಕೆ ಗಲ್ಲಿಗೇರಿದ. ಇಲ್ಲಿಯವರು ಇಂಥವನ್ನು "ಸುಟ್ಟ ಕೌಂಟಿಗಳು" ಎಂದೇ ಕರೆಯುತ್ತಾರೆ. ಆದರೆ ಚರ್ಚಿನ ಪುಸ್ತಕಗಳು ಕೋರ್ಟಿನ ಕಟ್ಟಡದಲ್ಲಿ ಇರಲಿಲ್ಲವಾದ್ದರಿಂದ ಕೆಲವು ಉಳಿದವು. ನೀವು ನೋಡಿದ ಸೇಂಟ್ ಪೀಟರ್ಸ್ ರಿಜಿಸ್ಟರ್ ಹಾಗೆ ಉಳಿದದ್ದು.

ಬೋಸ್ಟನ್ ಸೊಸೆ

ಫೆಬ್ರವರಿ 1727 ಎಂದರೆ ನಮ್ಮ ಲೆಕ್ಕದಲ್ಲಿ ಫೆಬ್ರವರಿ 1728, ಸರ್!

ಮೈಸೂರಿನ ಮಾವ

ಸ್ವಲ್ಪ ಬಿಡಿಸಿ ಹೇಳಬೇಕು, ತಾಯಿ.

ಬೋಸ್ಟನ್ ಸೊಸೆ

ಇಂಗ್ಲೆಂಡಿನಲ್ಲೂ ಅದರ ಅಮೆರಿಕದ ವಸಾಹತುಗಳಲ್ಲೂ 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವೇ ನಡೆಯುತ್ತಿತ್ತು, ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತು. ನಾವು ಯುಗಾದಿಗೆ ಸಂವತ್ಸರ ಬದಲಿಸುವವರು, ನಮಗೆ ಇದು ಕಷ್ಟವಾಗಬಾರದು. 1727ರ ಡಿಸೆಂಬರ್ ಆದ ಮೇಲೆ 1727ರ ಜನವರಿ, 1727ರ ಫೆಬ್ರವರಿ, ಮಾರ್ಚ್ 24, ಮರುದಿನ 1728. ಕೆಲವು ಪಾದ್ರಿಗಳು ಗೊಂದಲ ಬೇಡವೆಂದು 1727/8 ಎಂದು ಎರಡನ್ನೂ ಬರೆಯುತ್ತಿದ್ದರು, ಹಲವರು ಬರೆಯುತ್ತಿರಲಿಲ್ಲ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಪಂಚಾಂಗದಲ್ಲಿ ಇದ್ದದ್ದು 1731ರ ಫೆಬ್ರವರಿ 11. ವರ್ಷದ ಆರಂಭ ಜನವರಿಗೆ ಸರಿದು, 1752ರ ಸೆಪ್ಟೆಂಬರಿನಲ್ಲಿ ಹನ್ನೊಂದು ದಿನಗಳನ್ನು ಕೈಬಿಟ್ಟ ಮೇಲೆ ಅದೇ ದಿನ 1732ರ ಫೆಬ್ರವರಿ 22 ಆಯಿತು.

ಆದ್ದರಿಂದ ನಿಮ್ಮ ಬೈಬಲ್‌ನ 1728ಕ್ಕೆ ಇಬ್ಬರೂ ಥಾಮಸರು ಹೊಂದುತ್ತಾರೆ. ಕ್ವೇಕರ್ ಪಂಥದವರ ಪುಸ್ತಕಗಳಲ್ಲಿ ಇನ್ನೊಂದು ತೊಡಕಿದೆ. ಅವರು ತಿಂಗಳ ಹೆಸರು ಬರೆಯದೆ "ಮೊದಲ ತಿಂಗಳು" ಎನ್ನುತ್ತಾರೆ. 1752ಕ್ಕೆ ಮೊದಲು ಅದು ಮಾರ್ಚ್, ಜನವರಿಯಲ್ಲ. ನನ್ನ ಅತ್ತೆಯವರ ಕಡೆಯ ಒಂದು ಮಗುವನ್ನು ಈ ಲೆಕ್ಕ ತಿಳಿಯದೆ ತಂದೆತಾಯಿಯ ಮದುವೆಗಿಂತ ಮೊದಲೇ ಹುಟ್ಟಿಸಿ, ಒಂದು ವರ್ಷ ಮನೆಯವರ ಬಿಗುಮಾನ ಅನುಭವಿಸಿದ್ದೇನೆ.

ಗುಮಾಸ್ತ ಧಾರವಾಡ

ಬೈಬಲ್ ಎಂದೊಡನೆ ಎಲ್ಲರೂ ಕೈಮುಗಿಯುತ್ತಿದ್ದೀರಿ. ಅದು ಯಾವ ವರ್ಷ ಅಚ್ಚಾದದ್ದು? ಮೊದಲ ಪುಟ ನೋಡಿ ಹೇಳಿ. ಎಲ್ಲ ಸಾಲುಗಳೂ ಒಂದೇ ಕೈಬರಹ, ಒಂದೇ ಶಾಯಿಯಲ್ಲಿದ್ದರೆ ಅದು ಆಯಾ ಕಾಲಕ್ಕೆ ಬರೆದದ್ದಲ್ಲ, ಮುಂದೆ ಯಾರೋ ಕೂತು ನೆನಪಿನಿಂದ ಬರೆದದ್ದು.

ಕಡತಪ್ರಿಯರ ವಾದಕ್ಕೂ ನನ್ನ ಆಕ್ಷೇಪವಿದೆ. ಉಯಿಲಿನಲ್ಲಿ ಇಲ್ಲದವನನ್ನೆಲ್ಲ "ಹಿರಿಯ ಮಗ, ಅದಕ್ಕೇ ಬಿಟ್ಟಿದ್ದಾರೆ" ಎಂದು ತಂದು ಕೂರಿಸಿದರೆ ವರ್ಜೀನಿಯಾದ ಪ್ರತಿ ಮನೆಗೂ ಹತ್ತು ಹಿರಿಯ ಮಕ್ಕಳು ಹುಟ್ಟುತ್ತಾರೆ. ಮೌನವನ್ನು ಸಾಕ್ಷಿಕಟ್ಟೆಗೆ ಹತ್ತಿಸಲು ಬರುವುದಿಲ್ಲ. ಆ ಮಗು ಎರಡು ವರ್ಷಕ್ಕೇ ಸತ್ತಿರಬಹುದು. ರಿಜಿಸ್ಟರ್‌ನಲ್ಲಿ ಮರಣದ ದಾಖಲೆ ಇಲ್ಲವೆಂದರೆ ಬದುಕಿದನೆಂದು ಅರ್ಥವಲ್ಲ.

ಕಡತಪ್ರಿಯ

ಒಪ್ಪುತ್ತೇನೆ, ಆದರೆ ನಾನು ಅವನನ್ನು ಕೂರಿಸಲಿಲ್ಲ, ಬಾಗಿಲು ಮುಚ್ಚಬೇಡಿ ಎಂದೆ. ವರ್ಜೀನಿಯಾದಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂಬ ಕಾನೂನು ಹದಿನೇಳನೆಯ ಶತಮಾನದಷ್ಟು ಹಳೆಯದು, ಆದರೆ ಅದರ ಪಾಲನೆ ಅಷ್ಟಕ್ಕಷ್ಟೆ. ಪ್ಯಾರಿಷ್ ಎಂದರೆ ಮೂವತ್ತು ಮೈಲಿಯ ಉದ್ದ, ನಡುವೆ ಹೊಳೆಗಳು. ಹೊಲದ ಅಂಚಿನಲ್ಲೇ ಹೂಳುತ್ತಿದ್ದರು. ಪಾದ್ರಿಗೆ ತಿಳಿದರೆ ಬರೆಯುತ್ತಿದ್ದ.

ಹೊಸಬ

ಕಸಿನ್ ಎಂದಿದೆಯಲ್ಲ, ಅಲ್ಲಿಗೆ ಮುಗಿಯಿತು. ಉಯಿಲಿನ ಥಾಮಸ್ ದಾಯಾದಿ, ಮಗನಲ್ಲ.

ಬೋಸ್ಟನ್ ಸೊಸೆ

ಮಗನಲ್ಲ ಎಂಬುದು ಸರಿ, ಆದರೆ ಆ ಕಾಲದ "ಕಸಿನ್" ಇಂದಿನ ಕಸಿನ್ ಅಲ್ಲ. ಅಣ್ಣತಮ್ಮಂದಿರ ಮಕ್ಕಳನ್ನು, ಅಕ್ಕತಂಗಿಯರ ಮಕ್ಕಳನ್ನು ಹಾಗೆ ಕರೆಯುವುದು ಬಹಳ ಸಾಮಾನ್ಯವಾಗಿತ್ತು. ಜಾನ್ ವಿಲಿಯಂನ ತಮ್ಮನಾಗಿದ್ದರೆ ಜಾನ್‌ನ ಮಗ ಥಾಮಸ್ "ಕಸಿನ್" ಆಗುತ್ತಾನೆ. ಹಾಗೆಯೇ "ಸನ್ ಇನ್ ಲಾ" ಎಂದರೆ ಅಳಿಯನೂ ಆಗಬಹುದು, ಹೆಂಡತಿಯ ಮೊದಲ ಮದುವೆಯ ಮಗನೂ ಆಗಬಹುದು. "ಸೀನಿಯರ್", "ಜೂನಿಯರ್" ಎಂದರೆ ತಂದೆಮಗ ಎಂದು ನಂಬಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಲ್ಲಿ ವಯಸ್ಸಿನಲ್ಲಿ ದೊಡ್ಡವನು ಸೀನಿಯರ್, ಅವನು ಸತ್ತರೆ ಚಿಕ್ಕವನಿಗೆ ಬಡ್ತಿ. ತಂದೆ ಸತ್ತ ಮಗುವನ್ನು ತಾಯಿ ಬದುಕಿದ್ದರೂ ಅನಾಥ ಎಂದೇ ಬರೆಯುತ್ತಿದ್ದರು. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಬೇರೆಬೇರೆ ಪದಗಳಿರುವುದು ಎಂಥ ಪುಣ್ಯ ಎಂದು ಅನ್ನಿಸಿದ್ದೇ ಈ ಉಯಿಲುಗಳನ್ನು ಓದುವಾಗ.

ಇನ್ನೊಂದು ಮಾತು. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಹಿರಿಯ ಮಗನಿಗೆ ಇಡೀ ಜಮೀನು ಹೋಗುತ್ತಿರಲಿಲ್ಲ, ಉಳಿದ ಮಕ್ಕಳ ಪಾಲಿನ ಎರಡರಷ್ಟು ಮಾತ್ರ ಸಿಗುತ್ತಿತ್ತು. ಜನನ ಮರಣಗಳನ್ನು ಬರೆಯುತ್ತಿದ್ದವನೂ ಪಾದ್ರಿಯಲ್ಲ, ಊರಿನ ಗುಮಾಸ್ತ. ಒಂದು ವಸಾಹತಿನ ನಿಯಮವನ್ನು ಇನ್ನೊಂದಕ್ಕೆ ಹೊಂದಿಸಬಾರದು.

ಮೈಸೂರಿನ ಮಾವ

ಬೈಬಲ್ ನೋಡಿದೆ. ಅಚ್ಚಾದದ್ದು 1803. ಮೊದಲ ಹನ್ನೊಂದು ಸಾಲುಗಳು ಒಂದೇ ಕೈ, ಒಂದೇ ಶಾಯಿ. ಧಾರವಾಡದವರು ಗೆದ್ದರು; ಸೋದರತ್ತೆಯವರಿಗೆ ಇನ್ನೂ ಹೇಳಿಲ್ಲ.

ವಿಲಿಯಂನ ಸೊತ್ತಿನ ಪಟ್ಟಿಯನ್ನೂ ಮೈಕ್ರೋಫಿಲ್ಮ್‌ನಲ್ಲಿ ಓದಿದೆ. ಕೋರ್ಟು ಪ್ರಮಾಣ ಮಾಡಿಸಿ ಕಳಿಸಿದ ಮೂವರು ಪಂಚರು ಮನೆಯ ಒಂದೊಂದು ಕೋಣೆಗೂ ಹೋಗಿ ಬೆಲೆ ಕಟ್ಟಿದ್ದಾರೆ. ನಮ್ಮ ಪಂಚನಾಮೆಯೇ ಸರಿ. ಗರಿತುಂಬಿದ ಹಾಸಿಗೆ, ಸೀಸ ತವರದ ತಟ್ಟೆಗಳು, ಹೆಂಗಸರ ಜೀನು, ಒಂದು ಹಳೆಯ ಬೈಬಲ್, ಮುರಿದ ಗಡಿಯಾರ. "ಡೊ" ಎಂಬ ಪದ ಸಾಲುಸಾಲಾಗಿ ಬಂದಾಗ ಅದು ಯಾರದೋ ಹೆಸರೆಂದು ಒಂದು ಬೆಳಗ್ಗೆಯನ್ನೇ ಕಳೆದೆ. "ಡಿಟ್ಟೊ" ಎಂಬುದರ ಸಂಕ್ಷೇಪವೆಂದು ಗ್ರಂಥಾಲಯದ ಹುಡುಗಿ ತಿಳಿಸಿದಳು. ಪದದ ನಡುವಿನ ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ.

ಆದರೆ ಹಾಸಿಗೆಗೂ ಕುದುರೆಗೂ ನಡುವೆ ಐವರು ಮನುಷ್ಯರ ಹೆಸರುಗಳಿದ್ದವು, ಎದುರಿಗೆ ಪೌಂಡು, ಶಿಲಿಂಗು. ಕೊನೆಯದು "ಜೂನೋ ಮತ್ತು ಅವಳ ಮಗು". ಮಗುವಿಗೆ ಹೆಸರಿಲ್ಲ. ಮೂವತ್ತು ವರ್ಷ ಆಸ್ತಿಪಟ್ಟಿಗಳನ್ನು ಓದಿದವನು ನಾನು, ಆದರೂ ಅಲ್ಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು ಕುಳಿತೆ.

ಅನಾಪೊಲಿಸ್ ನಿವಾಸಿ

ಆ ಐದು ಹೆಸರುಗಳನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಗುಲಾಮಗಿರಿಗೆ ಸಿಲುಕಿದವರ ಇಂದಿನ ವಂಶಸ್ಥರಿಗೆ ಯಜಮಾನನ ಉಯಿಲು, ಇಂಥ ಪಟ್ಟಿ, ಪಾಲುಪತ್ರಗಳಲ್ಲದೆ ಬೇರೆ ಕಾಗದ ಸಿಗುವುದು ವಿರಳ. ಸೇಂಟ್ ಪೀಟರ್ಸ್ ರಿಜಿಸ್ಟರ್‌ನಲ್ಲಿಯೂ ಅಂಥ ಮಕ್ಕಳ ಜನನವನ್ನು ಯಜಮಾನನ ಹೆಸರಿನಡಿಯಲ್ಲಿ ಬರೆದಿರುವುದನ್ನು ನೀವು ಗಮನಿಸಿರಬಹುದು. ಒಂದು ಮನೆತನದ ಕಡತ ಓದುವವರು ಆ ಹೆಸರುಗಳನ್ನು ದಾಟಿ ಹೋಗಬಾರದು. ವಂಶ ಪತ್ತೆಯ ದೃಷ್ಟಿಯಿಂದಲೂ ಅದು ಮುಖ್ಯ. ಜೂನೋ ಎಂಬ ಹೆಸರು ಮುಂದೆ ಇನ್ನಾರ ಪಟ್ಟಿಯಲ್ಲಿ ಕಾಣಿಸಿತು ಎಂಬುದೇ ವಾರಸುದಾರ ಯಾರೆಂದು ಹೇಳಬಹುದು.

ಹೊಸಬ

ನಮ್ಮ ದೇಶದವರೂ ಇದ್ದರಂತಲ್ಲ ಆಗ?

ಅನಾಪೊಲಿಸ್ ನಿವಾಸಿ

ಇದ್ದರು. ಒಬ್ಬೊಬ್ಬರನ್ನು ಕರೆತಂದದ್ದಕ್ಕೆ ಐವತ್ತು ಎಕರೆ ಜಮೀನು ಕೇಳುವ ಪದ್ಧತಿಯಲ್ಲಿ ಜಾರ್ಜ್ ಮೆನಿಫೀ ಎಂಬ ವರ್ತಕ 1635ರಲ್ಲಿ ಕೊಟ್ಟ ಪಟ್ಟಿಯಲ್ಲಿ "ಟೋನಿ, ಈಸ್ಟ್ ಇಂಡಿಯನ್" ಎಂದಿದೆ. ಆದರೆ ಆ ಪದ ಪೂರ್ವದ ದ್ವೀಪಗಳವರಿಗೂ ಸಲ್ಲುತ್ತಿತ್ತು. ಮಾವನವರ ಪ್ರಶ್ನೆಗೆ ಮರಳೋಣ.

ಗುಮಾಸ್ತ ಧಾರವಾಡ

ಸೊತ್ತಿನ ಪಟ್ಟಿಯಲ್ಲಿ ಜಮೀನಿದೆಯೇ?

ಮೈಸೂರಿನ ಮಾವ

ಒಂದು ಗುಂಟೆಯೂ ಇಲ್ಲ.

ಕಡತಪ್ರಿಯ

ಇರುವುದಿಲ್ಲ. ಪಂಚರಿಗೆ ಅಧಿಕಾರವಿದ್ದದ್ದು ಚರಾಸ್ತಿಯ ಮೇಲೆ. ಜಮೀನನ್ನು ಬೇರೆ ಕಡೆ ಹುಡುಕಬೇಕು, ಅದಕ್ಕೆ ಚರ್ಚೇ ಮತ್ತೆ ದಾರಿ. ಹ್ಯಾನೋವರ್‌ನ ಸೇಂಟ್ ಪಾಲ್ಸ್ ಪ್ಯಾರಿಷ್‌ನ ವೆಸ್ಟ್ರಿ ಪುಸ್ತಕ 1706ರಿಂದ 1786ರವರೆಗೆ ಉಳಿದಿದೆ. ವೆಸ್ಟ್ರಿ ಎಂದರೆ ಪ್ಯಾರಿಷ್‌ನ ಹಿರಿಯರ ಮಂಡಳಿ; ಪಾದ್ರಿಯ ಸಂಬಳವನ್ನು ಹೊಗೆಸೊಪ್ಪಿನಲ್ಲಿ ಅಳೆದು ಕೊಡುವುದು, ಬಡವರನ್ನು ನೋಡಿಕೊಳ್ಳುವುದು ಇವರ ಕೆಲಸ. ಜೊತೆಗೆ ನಾಲ್ಕು ವರ್ಷಕ್ಕೊಮ್ಮೆ ಊರವರನ್ನು ಕಳಿಸಿ ಪ್ರತಿ ಜಮೀನಿನ ಗಡಿಯನ್ನು ನಡೆದು ನೋಡಿ, ಮರಗಳ ಮೇಲಿನ ಗುರುತುಗಳನ್ನು ಹೊಸದಾಗಿ ಕೊರೆಸಬೇಕೆಂಬ ಕಾನೂನಿತ್ತು. ಯಾರ ಗಡಿ, ಯಾರು ಹಾಜರಿದ್ದರು ಎಂಬುದೆಲ್ಲ ಪುಸ್ತಕದಲ್ಲಿದೆ.

ಮೈಸೂರಿನ ಮಾವ

ಚೆಕ್ಕುಬಂದಿ! ಇದನ್ನು ಮೊದಲೇ ಹೇಳಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತಲ್ಲ, ಸ್ವಾಮಿ.

ಮೈಸೂರಿನ ಮಾವ

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಅಚ್ಚಾದ ವೆಸ್ಟ್ರಿ ಪುಸ್ತಕವನ್ನು ಸಾಲುಸಾಲಾಗಿ ಓದಿದೆ. ವಿಲಿಯಂ ಸಾಯುವ ಮೊದಲಿನ ಗಡಿ ನಡಿಗೆಯಲ್ಲಿ ಅವನ ಜಮೀನಿನ ಎರಡು ಪಕ್ಕದಲ್ಲಿದ್ದವರ ಹೆಸರುಗಳನ್ನು ಗುರುತು ಹಾಕಿಕೊಂಡೆ. ಅವನು ಸತ್ತ ನಂತರದ ಮೊದಲ ನಡಿಗೆಯಲ್ಲಿ ಅದೇ ಇಬ್ಬರು ನೆರೆಯವರ ನಡುವೆ ಥಾಮಸ್ ನಿಂತಿದ್ದಾನೆ. ನಮ್ಮ ಕಡೆ ಇದನ್ನು ಪೌತಿ ಖಾತೆ ಎನ್ನುತ್ತೇವೆ. ಉಯಿಲಿನಲ್ಲಿ ಈ ಹ್ಯಾನೋವರ್ ಜಮೀನಿನ ಪ್ರಸ್ತಾಪವೇ ಇಲ್ಲ.

ಬೋಸ್ಟನ್ ಸೊಸೆ

ಅಭಿನಂದನೆಗಳು ಸರ್! ಸೋದರತ್ತೆಯವರಿಗೆ ಸಿಹಿ ಹಂಚಿ.

ಗುಮಾಸ್ತ ಧಾರವಾಡ

ಸಿಹಿ ಸ್ವಲ್ಪ ತಡೆಯಲಿ. ಅದೇ ಜಮೀನಿನಲ್ಲಿ ಒಬ್ಬ ಥಾಮಸ್ ಇದ್ದನೆಂದು ತಿಳಿಯಿತು, ಮಗನೆಂದು ತಿಳಿಯಲಿಲ್ಲ. ತಮ್ಮನ ಮಗ ಥಾಮಸ್ ಆ ಜಮೀನನ್ನು ಕೊಂಡಿರಬಹುದು, ಗೇಣಿಗೆ ಮಾಡುತ್ತಿರಬಹುದು. ಕ್ರಯಪತ್ರದ ಪುಸ್ತಕವೇ ಸುಟ್ಟುಹೋಗಿದೆ, ಸಿಹಿ ತಿಂದಮೇಲೆ ಯಾರು ಪರಿಶೀಲಿಸುತ್ತಾರೆ?

ನಾನು ಕೇಳುವುದು ಬೇರೆ. ಉಯಿಲು ಬರೆದದ್ದು 1748, ಸತ್ತದ್ದು 1751. ಈ ಮೂರು ವರ್ಷಗಳಲ್ಲಿ ವಿಲಿಯಂ ಹೊಸ ಜಮೀನು ಪಡೆದನೇ? ಆ ಕಾಲದ ಇಂಗ್ಲಿಷ್ ನ್ಯಾಯದಲ್ಲಿ ಉಯಿಲು ಬರೆದ ಮೇಲೆ ಸಂಪಾದಿಸಿದ ಸ್ಥಿರಾಸ್ತಿ ಆ ಉಯಿಲಿಗೆ ಒಳಪಡುತ್ತಿರಲಿಲ್ಲ. "ನನ್ನ ಉಳಿದ ಜಮೀನೆಲ್ಲ ಹೆಂಡತಿಗೆ" ಎಂದು ಬರೆದಿದ್ದರೂ ಅಷ್ಟೆ. ಅದು ಉಯಿಲಿಲ್ಲದ ಆಸ್ತಿಯಂತೆ ಕಾನೂನಿನ ವಾರಸುದಾರನಿಗೆ, ಅಂದರೆ ಹಿರಿಯ ಮಗನಿಗೆ ಇಳಿಯುತ್ತಿತ್ತು. ಅಂಥ ತುಂಡು ಇದ್ದರೆ ಮುಂದೊಂದು ದಿನ ಯಾರೋ ಅದನ್ನು ಮಾರಿರಬೇಕು. ಮಾರಿದವನು ತನಗೆ ಹಕ್ಕು ಹೇಗೆ ಬಂತು ಎಂದು ಪತ್ರದಲ್ಲಿ ಬರೆದಿರಬಹುದು.

ಕಡತಪ್ರಿಯ

ಭೇಷ್. ಸರ್ಕಾರದಿಂದ ಹೊಸದಾಗಿ ಪಡೆದ ಜಮೀನಿನ ಪತ್ರಗಳು ಕೌಂಟಿಯಲ್ಲಲ್ಲ, ವಸಾಹತಿನ ರಾಜಧಾನಿಯಲ್ಲಿ ದಾಖಲಾದವು. ಆದ್ದರಿಂದ ಅವು ಉಳಿದಿವೆ, ರಿಚ್ಮಂಡ್‌ನ ರಾಜ್ಯ ಗ್ರಂಥಾಲಯದಲ್ಲಿ ನೋಡಬಹುದು. ಲೂಯಿಸಾ 1742ರಲ್ಲಿ ಹ್ಯಾನೋವರ್‌ನಿಂದ ಒಡೆದ ಕೌಂಟಿ, ಅದರ ಕ್ರಯಪತ್ರದ ಪುಸ್ತಕಗಳೂ ಸುಡಲಿಲ್ಲ. ಎರಡನ್ನೂ ನೋಡಿ. ಅಂತರ್ಜಾಲದ ವಂಶವೃಕ್ಷಗಳ ಕಡೆಗೆ ಮಾತ್ರ ಹೋಗಬೇಡಿ. ಒಬ್ಬರು ಮಾಡಿದ ತಪ್ಪನ್ನು ನಲವತ್ತು ಜನ ನಕಲು ಮಾಡಿರುತ್ತಾರೆ, ನಲವತ್ತೊಂದನೆಯವರು "ಎಲ್ಲರೂ ಹೇಳುತ್ತಾರೆ" ಎನ್ನುತ್ತಾರೆ.

ಹೊಸಬ

ಆ ನಲವತ್ತರಲ್ಲಿ ನಾನೂ ಒಬ್ಬ. ಕ್ಷಮೆಯಿರಲಿ.

ಮೈಸೂರಿನ ಮಾವ

ಹನ್ನೆರಡು ದಿನ ಮೌನವಾಗಿದ್ದುದಕ್ಕೆ ಕ್ಷಮಿಸಿ. ಸಿಕ್ಕಿತು.

1750ರಲ್ಲಿ ವಿಲಿಯಂ ಲೂಯಿಸಾದಲ್ಲಿ ಸರ್ಕಾರದಿಂದ ನೂರೈವತ್ತು ಎಕರೆ ಪಡೆದಿದ್ದಾನೆ. ಉಯಿಲು ಬರೆದ ಎರಡು ವರ್ಷಗಳ ಮೇಲೆ. 1756ರ ಕ್ರಯಪತ್ರದಲ್ಲಿ ಅದೇ ನೂರೈವತ್ತು ಎಕರೆಯನ್ನು ಮಾರಿದವನು ಥಾಮಸ್. ಪತ್ರದ ಮಾತುಗಳನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ಹ್ಯಾನೋವರ್ ಕೌಂಟಿಯ ಸೇಂಟ್ ಪಾಲ್ಸ್ ಪ್ಯಾರಿಷ್‌ನ ಥಾಮಸ್, ದಿವಂಗತ ವಿಲಿಯಂ ಅವರ ಜ್ಯೇಷ್ಠ ಪುತ್ರ ಮತ್ತು ಕಾನೂನಿನ ವಾರಸುದಾರ." ಆ ಸಾಲನ್ನು ಮೂರು ಸಲ ಓದಿ, ಕನ್ನಡಕ ಒರೆಸಿ ನಾಲ್ಕನೆಯ ಸಲ ಓದಿದೆ.

ಇನ್ನೂ ಇದೆ. ಪತ್ರದ ಕೊನೆಗೆ ಹೆಂಡತಿಯನ್ನು ಗಂಡನಿಂದ ಬೇರೆಯಾಗಿ ಕರೆದು, ಆಕೆ ಗಂಡ ಸತ್ತರೆ ತನಗೆ ಬರಬೇಕಾದ ಮೂರನೆಯ ಒಂದು ಪಾಲಿನ ಹಕ್ಕನ್ನು ಯಾರ ಒತ್ತಾಯವೂ ಇಲ್ಲದೆ ಬಿಡುತ್ತಿದ್ದಾಳೆಯೇ ಎಂದು ವಿಚಾರಿಸಿದ ಬಗ್ಗೆ ಕೋರ್ಟಿನ ಒಕ್ಕಣೆಯಿದೆ. ಆಕೆಯ ಹೆಸರು ಉರ್ಸುಲಾ.

ಗುಮಾಸ್ತ ಧಾರವಾಡ

ಈಗ ಸಿಹಿ ಹಂಚಿ. ಬೈಬಲ್‌ನ ಉರ್ಸುಲಾ ಕೋರ್ಟಿನ ಪುಸ್ತಕದಲ್ಲಿಯೂ ಸಿಕ್ಕಿದಳೆಂದರೆ ನನ್ನ ತಕರಾರಿಲ್ಲ. ಬೈಬಲ್ ತಡವಾಗಿ ಬರೆದದ್ದಾದರೂ ಬರೆದವರಿಗೆ ಅಜ್ಜಿಯ ಹೆಸರು ಸರಿಯಾಗಿ ನೆನಪಿತ್ತು.

ಅನಾಪೊಲಿಸ್ ನಿವಾಸಿ

ಜೂನೋ ಮುಂದೆ ಎಲ್ಲಿಯಾದರೂ ಕಂಡಳೇ?

ಮೈಸೂರಿನ ಮಾವ

ಕಂಡಳು. ವಿಲಿಯಂನ ಹೆಂಡತಿಯ ಸೊತ್ತಿನ ಪಟ್ಟಿ 1763ರದು. ಅದರಲ್ಲಿ ಜೂನೋ ಇದ್ದಾಳೆ, ಜೊತೆಗೆ "ಡೇವಿ, ಹುಡುಗ". ಹೆಸರಿಲ್ಲದ ಆ ಮಗು ಇವನೇ ಎಂದು ನನ್ನ ಮನಸ್ಸು ಹೇಳುತ್ತದೆ, ಆದರೆ ಧಾರವಾಡದವರಿಗೆ ಹೆದರಿ "ಇರಬಹುದು" ಎಂದಷ್ಟೇ ಬರೆದಿಟ್ಟಿದ್ದೇನೆ. ಮಗಳು ಐದೂ ಹೆಸರುಗಳನ್ನು, ಯಾವ ಪುಸ್ತಕ, ಯಾವ ಪುಟ ಎಂಬುದರ ಸಮೇತ ಬೇರೆ ಹಾಳೆಯಲ್ಲಿ ಅಂದವಾಗಿ ಬರೆದಿದ್ದಾಳೆ.

ಅನಾಪೊಲಿಸ್ ನಿವಾಸಿ

"ಇರಬಹುದು" ಸರಿಯಾದ ಪದ. ಆ ಹಾಳೆಯನ್ನು ನನಗೂ ಕಳಿಸಿ.

ಬೋಸ್ಟನ್ ಸೊಸೆ

ಬಂದೂಕು ಪಡೆದ ಇನ್ನೊಬ್ಬ ಥಾಮಸ್ ಏನಾದ? ಕ್ರಯಪತ್ರದ ಸಾಕ್ಷಿಗಳು ಯಾರೆಂದು ನೋಡಿದಿರಾ?

ಮೈಸೂರಿನ ಮಾವ

ನೋಡದೆ ಇರುತ್ತೇನೆಯೇ, ತಾಯಿ? ಸಾಕ್ಷಿಗಳು ಮೂವರು. ಮೂರನೆಯವನು "ಜಾನ್‌ನ ಮಗ ಥಾಮಸ್". ಮಾರಿದ ಥಾಮಸ್ ತನ್ನ ಹೆಸರನ್ನು ತಾನೇ ಬರೆದಿದ್ದಾನೆ. ಇವನಿಗೆ ಓದುಬರಹವಿಲ್ಲ; ಹೆಸರನ್ನು ಗುಮಾಸ್ತ ಬರೆದು, ನಡುವೆ ಇವನ ಗುರುತಿಗೆ ಜಾಗ ಬಿಟ್ಟಿದ್ದಾನೆ. ಅಲ್ಲಿ ಒಂದು ಟಿ ಅಕ್ಷರ, ತಲೆಕೆಳಗಾಗಿ.

ಸೋದರತ್ತೆಯವರು ಅದನ್ನು ನೋಡಿ, ಗುಮಾಸ್ತ ಈ ಸಲ ಸರಿಯಾಗಿ ಬರೆದಿದ್ದಾನೆ ಎಂದರು.